ಅಕ್ಕನ ಬಿಲ್ಲೆಗಳು

6 ಫೆಬ್ರವರಿ 2016

ಪ್ರೀತಿಯ ಭಾವ,

ಈ ಪೆಟ್ಟಿಗೆ ನೋಡಿ ಗಾಬರಿಯಾಗಬೇಡಿ. ಒಳಗಿರುವುದು ಒಂದು ಪ್ಲಾಸ್ಟಿಕ್ ಆಲಿಕೆ, ಕೈಯಲ್ಲಿ ಒತ್ತುವ ಪುಟ್ಟ ಪಂಪು, ಮತ್ತು ಒಂದಷ್ಟು ತೆಳ್ಳನೆಯ ಬಿಳಿ ಬಿಲ್ಲೆಗಳು. ಬಿಲ್ಲೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚಿಮುಟ ಇಟ್ಟಿದ್ದೇನೆ.

ಅಕ್ಕನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅಪ್ಪ ಹೋದ ಮೇಲೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ, ಹತ್ತುವುದೂ ಇಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ. ಅಪ್ಪನ ಕಿಡ್ನಿ ಕಾಯಿಲೆ ವಂಶದಲ್ಲಿ ಇಳಿದು ಬರುವಂಥದ್ದು, ನಮ್ಮಿಬ್ಬರಿಗೂ ಬರಬಹುದು, ಬಾರದೆಯೂ ಇರಬಹುದು ಎಂದು ನಾನು ಬಾಯಿ ತೆರೆದರೆ ಸಾಕು, ಮಾತು ಬದಲಿಸುತ್ತಾಳೆ. ನನ್ನ ಪರೀಕ್ಷೆ ಮಾಡಿಸಿಯಾಯಿತು, ನನಗೆ ಬಂದಿಲ್ಲ. ಅವಳದು ಹೇಗೆ ತಿಳಿಯುವುದು? ಈ ಸಲ ಪರೀಕ್ಷೆ ಎನ್ನಲೇ ಇಲ್ಲ, ನನ್ನ ಲ್ಯಾಬಿನ ಕೆಲಸಕ್ಕೆ ಬೇಕು ಎಂದೆ. "ನಿನ್ನ ಭಾವ ಮಾಡ್ತೀನಿ ಅಂದ್ರೆ ನಾನು ಲೋಟ ತುಂಬಿಸಿ ಕೊಡ್ತೀನಿ. ಅದಕ್ಕಿಂತ ಹೆಚ್ಚಿಗೆ ನನ್ನನ್ನೇನೂ ಕೇಳ್ಬೇಡ" ಎಂದಳು. ಅಷ್ಟು ಸಾಕು.

ನಮ್ಮ ಕೆಲಸ ಇಷ್ಟೇ. ಕಿಡ್ನಿ ಹಾಳಾಗುವುದಕ್ಕೆ ಬಹಳ ಮೊದಲೇ ಮೂತ್ರದಲ್ಲಿ ಕೆಲವು ಪ್ರೋಟೀನುಗಳು ಸೋರಲು ಶುರುವಾಗುತ್ತವೆ. ಅವನ್ನು ಹಿಡಿದಿಟ್ಟರೆ ಕಾಯಿಲೆ ಎಲ್ಲಿಂದ ಹೊರಟಿತು ಎಂದು ಮುಂದೊಂದು ದಿನ ತಿರುಗಿ ನೋಡಬಹುದು. ಮೊದಲು ಮೂತ್ರವನ್ನೇ ಬಾಟಲಿಗಳಲ್ಲಿ ತುಂಬಿ ಫ್ರೀಜರಿನಲ್ಲಿ ಇಡುತ್ತಿದ್ದೆವು. ಹೋದ ವರ್ಷ ಫ್ರೀಜರು ಕೈಕೊಟ್ಟು ಎಲ್ಲವೂ ಕರಗಿ ನಾರಿತು. ಈಗ ಹೊಸ ದಾರಿ ಹಿಡಿದಿದ್ದೇವೆ. ಮೂತ್ರವನ್ನು ಈ ಬಿಲ್ಲೆಯ ಮೇಲೆ ಸುರಿದು ಕೆಳಗಿನಿಂದ ಪಂಪು ಒತ್ತಿದರೆ ನೀರು ಇಳಿದುಹೋಗುತ್ತದೆ, ಪ್ರೋಟೀನು ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಒಣಗಿಸಿ ಪೊಟ್ಟಣದಲ್ಲಿ ಹಾಕಿದರೆ ಅಂಚೆಯಲ್ಲಿ ಬರುತ್ತದೆ, ಕಪಾಟಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ.

ತಿಂಗಳಿಗೆ ಎರಡು ಬಿಲ್ಲೆ. ಅಕ್ಕನ ಪೊಟ್ಟಣದ ಮೇಲೆ "ಅ" ಎಂದು ಬರೆಯಿರಿ, ನಿಮ್ಮದರ ಮೇಲೆ "ಭಾ". ಒಂದೇ ಮನೆಯ ಊಟ, ಒಂದೇ ನೀರು, ಬೇರೆ ರಕ್ತ. ಹೋಲಿಸಲು ನೀವು ಬೇಕು. ಫೋಟೋಗೆ ಕಟ್ಟು ಹಾಕುವ ಕೈ ನಿಮ್ಮದು. ಇಂಥ ನಾಜೂಕಿನ ಕೆಲಸಕ್ಕೆ ನಾನು ಬೇರೆ ಯಾರನ್ನು ಹುಡುಕಲಿ?

ನಿಮ್ಮ,
ಪಿಟೀಲು


5 ಮಾರ್ಚ್ 2016

ಪಿಟೀಲಮ್ಮನಿಗೆ,

ನಿನ್ನ ಅಕ್ಕನನ್ನು ಮದುವೆಯಾದಾಗ ನಿನಗೆ ಹತ್ತು ವರ್ಷ. ಸೈಕಲ್ ಕಲಿಸಿ ಸೈಕಲ್ ಕಲಿಸಿ ಎಂದು ದಿನವಿಡೀ ಪಿಟೀಲು ಕುಯ್ಯುತ್ತಿದ್ದೆ. ಈಗ ಉಚ್ಚೆ ಕಳಿಸಿ ಉಚ್ಚೆ ಕಳಿಸಿ ಎಂದು ಕುಯ್ಯುತ್ತಿದ್ದೀಯ. ನೀನು ದೊಡ್ಡವಳಾದೆ ಎನ್ನುವುದಕ್ಕೆ ಇನ್ನೇನು ಗುರುತು ಬೇಕು?

ಫೆಬ್ರವರಿಯದನ್ನೂ ಈ ತಿಂಗಳದ್ದನ್ನೂ ಸೇರಿಸಿ ಕಳಿಸಿದ್ದೇನೆ. ಅಂಗಡಿಯಲ್ಲಿ ಗಾಜು ಕೊಯ್ಯುವ ಮೇಜಿನ ಒಂದು ಪಕ್ಕವನ್ನು ನಿನ್ನ ಕೆಲಸಕ್ಕೆ ಬಿಟ್ಟುಕೊಟ್ಟೆ. ನಿನ್ನ ಅಕ್ಕ ಮಹಡಿಯಿಂದ ಲೋಟವನ್ನು ಬಟ್ಟೆ ಮುಚ್ಚಿ ತಂದು ಮೇಜಿನ ಮೇಲಿಟ್ಟು, ತಿರುಗಿ ನೋಡದೆ ಹೋಗುತ್ತಾಳೆ.

ನನ್ನದು ಪಂಪು ಒತ್ತಿದ್ದೇ ತಡ ಸರ್ರನೆ ಇಳಿದುಹೋಯಿತು. ಅವಳದು ಮಾತ್ರ ಅವಳ ಹಾಗೇ ಹಟಮಾರಿ. ಮೇಲೆ ನೊರೆ ಕಟ್ಟಿಕೊಂಡು ಕೂತಿತು, ಏನು ಮಾಡಿದರೂ ಇಳಿಯಲೊಲ್ಲದು. ಒತ್ತಿ ಒತ್ತಿ ಹೆಬ್ಬೆರಳು ಸೋತಿತು. ಅರ್ಧ ಇಳಿಸಿ, ಉಳಿದದ್ದನ್ನು ಚೆಲ್ಲಿದೆ. ಎರಡು ಸಲವೂ ಇದೇ ಪಾಡು. ಅವಳಿಗೆ ಹೇಳಲು ಹೋಗಲಿಲ್ಲ. ಹೇಳಿದರೆ ಅದನ್ನೇ ನೆಪ ಮಾಡಿಕೊಂಡು ಲೋಟ ಕೊಡುವುದನ್ನೂ ನಿಲ್ಲಿಸಿಯಾಳು.

ಅಂಚೆ ಕಚೇರಿಯವನು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ಒಳಗೇನಿದೆ ಎಂದು ಕೇಳಿದ. "ಮನೆಯವರ ಆಸ್ತಿ ಕಣಪ್ಪ, ಮೆತ್ತಗೆ ಮುದ್ರೆ ಹೊಡಿ" ಎಂದೆ.

ಭಾವ


28 ಮಾರ್ಚ್ 2016

ಭಾವ,

ನಿಮ್ಮ ಪತ್ರ ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಪೊಟ್ಟಣ ಬಿಡಿಸಿದೆ.

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಹೇಳಲೇಬೇಕು. "ಭಾ" ಚೆನ್ನಾಗಿವೆ. "ಅ" ಎರಡೂ ಕೆಟ್ಟಿವೆ. ಬಿಲ್ಲೆಯ ಮೇಲೆ ಗೋಂದು ಬಳಿದ ಹಾಗೆ ದಪ್ಪಗೆ ಕೂತಿದೆ, ಅಂಚೆಲ್ಲ ಹಳದಿ. ಅಂಚಿನ ಚೂರೊಂದನ್ನು ಕತ್ತರಿಸಿ ಬಣ್ಣಕ್ಕೆ ಹಾಕಿದೆ. ಪ್ರೋಟೀನು ಹೆಚ್ಚಿದ್ದಷ್ಟೂ ನೀಲಿ ಹೆಚ್ಚು. ಇದು ಕಪ್ಪೆನ್ನುವಷ್ಟು ನೀಲಿಯಾಯಿತು. ಅಪ್ಪನಿಗೂ ಕೊನೆಕೊನೆಗೆ ಮಾತ್ರ ಇಷ್ಟು ಹೋಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ನಿಂತು ಮಕ್ಕಳಿಗೆ ಪಾಠ ಹೇಳುವ ಅಕ್ಕನಿಗೆ ಹೀಗಿರಲು ಹೇಗೆ ಸಾಧ್ಯ? ನಿಮ್ಮ ಮೇಜಿನ ಮೇಲೆ ಸರೇಸು ಇರುತ್ತದಲ್ಲ, ಮೂಳೆ ತೊಗಲು ಕಾಯಿಸಿ ಮಾಡಿದ ಅಂಟು, ಅದೂ ಪ್ರೋಟೀನೇ. ಕೈಯಿಂದಲೋ ಚಿಮುಟದಿಂದಲೋ ತಾಗಿರಬೇಕು.

ನಮ್ಮ ಮೇಡಂ ನೋಡಿ, "ಮನೆಮಂದಿ ಕೈಲಿ ಮಾಡಿಸಿದ್ರೆ ಇದೇ ಹಣೆಬರಹ. ಇನ್ನೊಂದು ಸಲ ಹೀಗಾದ್ರೆ ಈ ಮನೇನ ಬಿಟ್ಟುಬಿಡು" ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಭಾವನ ಕೈ ಎಂಥದ್ದು ಗೊತ್ತಾ ಎಂದು ಹೊಗಳಿಕೊಂಡು ತಿರುಗಿದವಳು ನಾನೇ ತಾನೇ. ನಿಮ್ಮಿಂದ ಇಂಥ ಕೆಲಸ ಬಂದೀತೆಂದು ಎಣಿಸಿರಲಿಲ್ಲ. ಈ ಮನೆ ಬಿಟ್ಟುಹೋದರೆ ಅಕ್ಕನನ್ನು ಇನ್ನೆಂದೂ ಹಿಡಿಯಲಾಗುವುದಿಲ್ಲ. ದಯವಿಟ್ಟು ಹುಷಾರಾಗಿ ಮಾಡಿ. ಪೆಟ್ಟಿಗೆಯಲ್ಲಿರುವ ಬಿಲ್ಲೆಗಳು ಮುಗಿದರೆ ಸದ್ಯಕ್ಕೆ ಬೇರೆ ಇಲ್ಲ.

ಕೆಟ್ಟ ಎರಡನ್ನು ಎಸೆಯಲು ಮನಸ್ಸಾಗಲಿಲ್ಲ. ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ಪಿಟೀಲು


22 ಏಪ್ರಿಲ್ 2016

ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮೇಜನ್ನು ಬಿಸಿನೀರು ಹಾಕಿ ಉಜ್ಜಿ ತೊಳೆದೆ. ಸರೇಸಿನ ಡಬ್ಬಿಯನ್ನು ಹೊರಗಿಟ್ಟೆ. ಇಷ್ಟು ವರ್ಷದಲ್ಲಿ ಕಟ್ಟು ಸರಿಯಾಗಿಲ್ಲವೆಂದು ಒಬ್ಬ ಗಿರಾಕಿಯೂ ಫೋಟೋ ವಾಪಸು ತಂದದ್ದಿಲ್ಲ. ಇರಲಿ.

ಈ ಸಲದವು ಸರಿಯಾಗಿವೆ ಎಂದುಕೊಂಡಿದ್ದೇನೆ. ಎರಡೂ ಚೆನ್ನಾಗಿ ಇಳಿದವು. ನೋಡಿ ತಿಳಿಸು.

ಭಾವ


9 ಅಕ್ಟೋಬರ್ 2016

ಭಾವ, ಶಹಭಾಸ್.

ಏಪ್ರಿಲ್‌ನಿಂದ ಈಚೆಗೆ ಬಂದ ಬಿಲ್ಲೆಗಳನ್ನೆಲ್ಲ ಸಾಲಾಗಿಟ್ಟು ಮೇಡಂಗೆ ತೋರಿಸಿದೆ. ಒಂದೊಂದೂ ಹಾಲಿನ ಹಾಗೆ ಬೆಳ್ಳಗೆ, ಒಂದೇ ಸಮ. "ನಿನ್ನ ಭಾವನ್ನ ಇಲ್ಲೇ ಕೆಲಸಕ್ಕೆ ಕರ್ಕೊಂಡು ಬಾ" ಎಂದರು. ಅಂಚಿನ ಚೂರುಗಳನ್ನು ಬಣ್ಣಕ್ಕೆ ಹಾಕಿ ನೋಡಿದೆ. ಅಕ್ಕನದರಲ್ಲಿ ನೀಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಆ ಮೊದಲಿನ ಎರಡು ಅಂಟಿನ ಕಾಟವೇ ಎಂದು ಖಚಿತವಾಯಿತು.

ನಿನ್ನೆ ಅಕ್ಕನಿಗೆ ಫೋನು ಮಾಡಿಬಿಟ್ಟೆ. ಏನೂ ಕೇಳಬೇಡ ಎಂದಿದ್ದಳು, ಹೇಳಬೇಡ ಎಂದಿರಲಿಲ್ಲವಲ್ಲ. ಅಪ್ಪನ ಕಾಯಿಲೆ ನಿನಗೆ ಬಂದಿಲ್ಲ ಅಕ್ಕ, ಎಂದೆ. "ಹೌದೇನೇ? ಸರಿಯಾಗಿ ನೋಡ್ದ್ಯಾ?" ಎಂದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು. ಅವಳು ಇಷ್ಟು ವರ್ಷ ಈ ಭಯವನ್ನು ಒಬ್ಬಳೇ ಹೊತ್ತು ತಿರುಗುತ್ತಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿತ್ತೇ?

ಇದಕ್ಕೆ ನೀವೇ ಕಾರಣ ಭಾವ. ಅಪ್ಪನನ್ನು ಡಯಾಲಿಸಿಸ್‌ಗೆ ಎತ್ತಿಕೊಂಡು ಓಡಾಡಿದವರು ನೀವು, ನಾನು ವಿಜ್ಞಾನ ಓದಬೇಕೆಂದಾಗ ಅಪ್ಪನ ಹತ್ತಿರ ಜಗಳವಾಡಿದವರು ನೀವು, ಈಗ ಇದೂ ನಿಮ್ಮ ಕೈಯಿಂದಲೇ ಆಯಿತು.

ಪಿಟೀಲು


24 ನವೆಂಬರ್ 2016

ಪ್ರೀತಿಯ ಪಿಟೀಲು,

ಈ ಪತ್ರ ಬರೆಯಲು ಕೂತು ಏಳುವುದೇ ಆಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚು.

ಒಂದು ಮಾತು ಕೇಳಬೇಕಿತ್ತು. ಬಿಲ್ಲೆಯಲ್ಲಿ ಏನೂ ಕಾಣಲಿಲ್ಲ ಎಂದರೆ ಏನೂ ಇಲ್ಲ ಎಂದೇ ಅರ್ಥವೇ? ಮಾಡುವವರ ಕೈಯಲ್ಲಿ ಹೆಚ್ಚುಕಮ್ಮಿ ಆಗಿದ್ದರೆ? ನನಗೆ ನಿಮ್ಮ ಶಾಸ್ತ್ರ ತಿಳಿಯದು, ಅದಕ್ಕೇ ಕೇಳಿದೆ. ನಿನ್ನ ಅಕ್ಕನಿಗೆ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ. ಚಪ್ಪಲಿಯ ಪಟ್ಟಿಯ ಗುರುತು ಹಾಗೇ ಇಳಿದಿರುತ್ತದೆ. ಡಾಕ್ಟರಿಗೆ ತೋರಿಸೋಣ ಎಂದೆ. "ನನ್ನ ತಂಗಿ ನನ್ನ ಒಳಗೆಲ್ಲಾ ನೋಡಿ ಏನೂ ಇಲ್ಲ ಅಂದಿದ್ದಾಳೆ. ಇನ್ಯಾವ ಡಾಕ್ಟ್ರು ರೀ?" ಎಂದಳು.

ನೀನೇ ಒಮ್ಮೆ ಬಂದು, ಒಳ್ಳೆಯ ಆಸ್ಪತ್ರೆಯಲ್ಲಿ ತೋರಿಸೋಣ ಎಂದು ಅವಳಿಗೆ ಹೇಳಿದರೆ ಕೇಳಿಯಾಳು. ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಭಾವ


15 ಜನವರಿ 2017

ಭಾವ,

ಉತ್ತರ ತಡವಾಯಿತು, ಕ್ಷಮಿಸಿ. ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಬಿಲ್ಲೆಗಳಿಂದ ಪ್ರೋಟೀನನ್ನು ಮರಳಿ ತೆಗೆಯುವ ಕೆಲಸವನ್ನು ಈ ಬೇಸಿಗೆಯಲ್ಲಿ ಶುರುಮಾಡಬೇಕು.

ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ದಿನವಿಡೀ ನಿಂತಿದ್ದರೆ ಯಾರ ಕಾಲಾದರೂ ಊದುತ್ತದೆ. ಉಪ್ಪು ಕಡಿಮೆ ಮಾಡಲು ಹೇಳಿ. ನಿಮ್ಮ ಕೈ ತಪ್ಪಿದ್ದರೆ ಮೊದಲಿನ ಹಾಗೆ ನನಗೆ ಗೊತ್ತಾಗುತ್ತಿತ್ತು. ಎಷ್ಟು ದಿನ ಆ ಎರಡು ಬಿಲ್ಲೆಗಳನ್ನೇ ನೆನೆಸಿಕೊಂಡು ಕೊರಗುತ್ತೀರಿ?

ಪಿಟೀಲು


3 ಆಗಸ್ಟ್ 2017

ಭಾವ,

ಆರು ತಿಂಗಳಿಂದ ನಿಮ್ಮ ಪೊಟ್ಟಣ ಮಾತ್ರ ಬರುತ್ತಿದೆ, ಜೊತೆಯಲ್ಲಿ ಒಂದು ಸಾಲೂ ಇಲ್ಲ. ಕೋಪವೇ?

ಇಲ್ಲಿ ಒಂದು ತೊಡಕಾಗಿದೆ. ಹೋದ ವಾರ ನಿಮ್ಮ ಮನೆಯ ಬಿಲ್ಲೆಗಳ ಸರದಿ ಬಂತು. ಬಿಲ್ಲೆಯನ್ನು ಒಂದು ದ್ರಾವಣದಲ್ಲಿ ಹಾಕಿ ಬಿಸಿ ಮಾಡಿದರೆ ಬಿಲ್ಲೆ ಪೂರ್ತಿ ಕರಗಿಹೋಗುತ್ತದೆ, ಪ್ರೋಟೀನು ಮಾತ್ರ ಒಡೆದ ಹಾಲಿನ ಗರಣೆಯ ಹಾಗೆ ತಳದಲ್ಲಿ ಕೂರುತ್ತದೆ. ಅದನ್ನು ಯಂತ್ರಕ್ಕೆ ಕೊಟ್ಟರೆ ಯಾವ ಯಾವ ಪ್ರೋಟೀನು ಎಷ್ಟಿದೆ ಎಂದು ಹೇಳುತ್ತದೆ. ಅಕ್ಕನ ಬಿಲ್ಲೆಗಳಲ್ಲಿ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನು ಸಿಕ್ಕಿದೆ. ಒಂದು ಚೂರಲ್ಲ, ಹೆಂಗಸರಲ್ಲಿ ಎಂದೂ ಕಾಣದಷ್ಟು.

ಯಂತ್ರದ ಹುಡುಗಿ, "ನಿಮ್ಮಕ್ಕನಿಗೆ ಮೀಸೆ ಇದ್ಯಾ?" ಎಂದು ತಮಾಷೆ ಮಾಡಿದಳು. "ಅ" ಮತ್ತು "ಭಾ" ಅದಲುಬದಲಾಗಿರಬಹುದೇ? ನೆನಪಿಸಿಕೊಂಡು ತಿಳಿಸಿ. ಅದಲುಬದಲಾಗಿದ್ದರೆ ದೊಡ್ಡ ವಿಷಯವೇನಲ್ಲ, ಇಲ್ಲೇ ತಿದ್ದಿಕೊಳ್ಳುತ್ತೇನೆ. ನಿಮ್ಮ ಪೊಟ್ಟಣಗಳನ್ನು ಇನ್ನೂ ಕರಗಿಸಿಲ್ಲ.

ಪಿಟೀಲು


14 ಆಗಸ್ಟ್ 2017

ಆಶೀರ್ವಾದಗಳು.

ಹೌದು, ಅದಲುಬದಲಾಗಿರಬೇಕು. ಕನ್ನಡಕ ಬದಲಿಸಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ನೀನೇ ತಿದ್ದಿಕೋ. ಇನ್ನು ಈ ಕೆಲಸವನ್ನು ನಿಲ್ಲಿಸಿದರೆ ಆಗದೇ? ಸಾಕಷ್ಟು ಕಳಿಸಿದ್ದೇನೆ ಎಂದು ಕಾಣುತ್ತದೆ.

ಭಾವ


29 ಆಗಸ್ಟ್ 2017

ಭಾವ,

ನಿಮ್ಮ ಪೊಟ್ಟಣಗಳನ್ನೂ ಕರಗಿಸಿದೆ. ಅವುಗಳಲ್ಲೂ ಗಂಡಸೇ ಇದ್ದಾನೆ. ಅದೇ ಗಂಡಸು. ಈ ಮೇ ತಿಂಗಳಲ್ಲಿ ನೀವು ಜ್ವರ ಬಂದು ಮಲಗಿದ್ದಿರಿ ಎಂದು ಅಕ್ಕ ಹೇಳಿದ್ದಳು. ಆ ಜ್ವರದ ಗುರುತು "ಭಾ"ದಲ್ಲೂ ಇದೆ, "ಅ"ದಲ್ಲೂ ಇದೆ. ಹೋದ ವರ್ಷದ ಏಪ್ರಿಲ್‌ನಿಂದ ಈಚೆಗೆ ಎರಡೂ ನಿಮ್ಮದೇ.

ಆಮೇಲೆ ಡಬ್ಬಿ ತೆಗೆದೆ. ನೀವು ಮೊದಲು ಕಳಿಸಿದ ಎರಡು ಬಿಲ್ಲೆಗಳು, ಅಂಟು ತಾಗಿ ಕೆಟ್ಟಿವೆ ಎಂದು ನಾನು ಬದಿಗಿಟ್ಟವು. ಒಂದನ್ನು ಕರಗಿಸಿದೆ. ಒಣಗಿದ್ದದ್ದು ಒಂದಿಷ್ಟೂ ಕೆಟ್ಟಿರಲಿಲ್ಲ. ಸರೇಸು ಎಲ್ಲೂ ಇಲ್ಲ. ಅದರಲ್ಲಿದ್ದದ್ದು ಒಬ್ಬ ಹೆಂಗಸು, ಮತ್ತು ಅಪ್ಪನ ಕಾಯಿಲೆ. ಅಪ್ಪನ ಹಳೆಯ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಒಂದೇ ಥರ. ಅವಳದು ಇಳಿಯದಿದ್ದದ್ದು ಹಟದಿಂದಲ್ಲ ಭಾವ. ಪ್ರೋಟೀನು ತುಂಬಿ ಬಿಲ್ಲೆಯ ಬಾಯಿ ಮುಚ್ಚಿಹೋಗಿತ್ತು.

ನಿನ್ನೆ ಅಕ್ಕನಿಗೆ ಫೋನು ಮಾಡಿ ನಾಳೆಯೇ ಆಸ್ಪತ್ರೆಗೆ ಹೋಗು ಎಂದೆ. ನಮ್ಮ ಯಂತ್ರ ತಪ್ಪು ಹೇಳಿತ್ತು ಎಂದೆ. ನಿಮ್ಮ ಹೆಸರು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ನನಗೇ ಗೊತ್ತಿಲ್ಲ. ನೀವು ಅವಳ ಜೊತೆ ಹೋಗಿ. ಅಲ್ಲಿ ಏನಾಯಿತೆಂದು ಬರೆಯಿರಿ. ಮತ್ತೆ ಇದನ್ನೂ ಬರೆಯಿರಿ: ಅಕ್ಕ ತಿಂಗಳು ತಿಂಗಳೂ ತುಂಬಿಸಿ ಕೊಟ್ಟ ಲೋಟ ಎಲ್ಲಿ ಹೋಯಿತು?


10 ಸೆಪ್ಟೆಂಬರ್ 2017

ಮಗೂ,

ಅಂಗಡಿಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಫೋನಿನಲ್ಲಿ ಆಗದು, ಅವಳು ಅಲ್ಲೇ ಇರುತ್ತಾಳೆ.

ನೀನು ಬೈದು ಬರೆದ ಆ ಪತ್ರ ಬಂದ ಮೇಲೆ ಏಪ್ರಿಲ್‌ನಲ್ಲಿ ಮೇಜು ತೊಳೆದು, ಕೈ ತೊಳೆದು, ಹೊಸ ಚಿಮುಟ ತಂದು ಅವಳದನ್ನು ಇಳಿಸಲು ಕೂತೆ. ಕಟ್ಟಿಕೊಂಡಿತು. ಬಿಲ್ಲೆ ಬದಲಿಸಿದೆ. ಅದೂ ಕಟ್ಟಿಕೊಂಡಿತು. ಮೂರನೆಯದೂ ಹಾಗೇ. ಬೇರೆ ಬಿಲ್ಲೆ ಇಲ್ಲ ಎಂದು ನೀನು ಬರೆದಿದ್ದೆ. ದೋಷ ನನ್ನ ಕೈಯಲ್ಲೇ ಇದೆ ಎಂದುಕೊಂಡೆ. ಇಳಿಯುತ್ತಿಲ್ಲ ಎಂದು ನಿನಗೆ ಮತ್ತೆ ಬರೆಯಲು ನಾಚಿಕೆಯಾಯಿತು. ಅವಳ ಲೋಟವನ್ನು ಬಚ್ಚಲಿಗೆ ಸುರಿದು, ನನ್ನದನ್ನೇ ಎರಡು ಸಲ ಇಳಿಸಿದೆ. ಈ ಒಂದು ತಿಂಗಳು ಮಾತ್ರ ಎಂದುಕೊಂಡೆ. ಮುಂದಿನ ತಿಂಗಳೂ ಅದೇ ಆಯಿತು. ಆಮೇಲೆ ನಿನ್ನ ಶಹಭಾಸ್ ಬಂತು.

ನೀನು ಫೋನು ಮಾಡಿದ ದಿನ ಅವಳು ಮಹಡಿಯಿಂದ ಓಡಿ ಬಂದಳು. ಗಿರಾಕಿಗಳಿದ್ದರು. ಅವರ ಎದುರೇ, "ನನಗೆ ಬಂದಿಲ್ವಂತೆ ಕಣ್ರೀ" ಎಂದು ನನ್ನ ತೋಳು ಹಿಡಿದುಕೊಂಡಳು. ಮದುವೆಯಾದಾಗಿನಿಂದ ಅಂಥ ಮುಖವನ್ನು ನಾನು ನೋಡಿರಲಿಲ್ಲ. ನಿಜ ಹೇಳಲಾರದೆ ಗಿರಾಕಿಗಳ ಕಡೆ ತಿರುಗಿದೆ. ನಿನಗೆ ಸುತ್ತಿ ಬಳಸಿ ಒಮ್ಮೆ ಬರೆದೆ. ನೀನು ಉಪ್ಪು ಕಡಿಮೆ ಮಾಡಲು ಹೇಳಿದೆ. ಓದಿದವಳೇ ಹೀಗೆ ಹೇಳಿದ ಮೇಲೆ ನನ್ನದೇ ಅತಿಯಾಯಿತು ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಸಮಾಧಾನ ಆಗಿರಲಿಲ್ಲ.

ಆಸ್ಪತ್ರೆಗೆ ಹೋದೆವು. ಕಾಲು ಯಾವಾಗಿನಿಂದ ಊದುತ್ತಿದೆ ಎಂದು ಡಾಕ್ಟರು ಕೇಳಿದರು. ವರ್ಷದ ಮೇಲಾಯಿತು ಎಂದಳು. ಅಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರು. "ನನ್ನ ತಂಗಿ ಪರೀಕ್ಷೆ ಮಾಡಿದ್ಲು. ಏನೂ ಇಲ್ಲ ಅಂದಿದ್ಲು" ಎಂದಳು. ಅವರು ಕಾಗದದಿಂದ ಕಣ್ಣೆತ್ತದೆ, "ನಿಮ್ಮ ತಂಗಿ ಏನು ನೋಡಿದ್ರೋ ಗೊತ್ತಿಲ್ಲಮ್ಮ" ಎಂದರು. ಕಿಡ್ನಿಯ ಕೆಲಸ ಮೂರನೇ ಒಂದು ಭಾಗಕ್ಕೆ ಇಳಿದಿದೆಯಂತೆ. ಮೊದಲೇ ಬಂದಿದ್ದರೆ ಮಾತ್ರೆಗಳಲ್ಲೇ ಬಹಳ ಕಾಲ ತಳ್ಳಬಹುದಿತ್ತಂತೆ. ಈಗಲೂ ಮಾತ್ರೆ ಕೊಟ್ಟಿದ್ದಾರೆ. ಎಷ್ಟು ದಿನ ತಡೆಯುತ್ತದೆ ಎಂದು ಹೇಳಲಾರರಂತೆ.

ಒಂದೇ ಬೇಡಿಕೆ. ಅವಳಿಗೆ ಹೇಳಬೇಡ. ಯಂತ್ರದ ತಪ್ಪು ಎಂದು ಅವಳು ನಂಬಿದ್ದಾಳೆ, ನಿನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ನನ್ನ ವಿಷಯ ತಿಳಿದರೆ ಈ ಮನೆ ಉಳಿಯುವುದಿಲ್ಲ.

ಭಾವ


17 ಸೆಪ್ಟೆಂಬರ್ 2017

ಭಾವನವರಿಗೆ,

ಡಾಕ್ಟರು ಆ ಮಾತು ಹೇಳಿದಾಗ ನೀವು ಅಕ್ಕನ ಪಕ್ಕದಲ್ಲೇ ಕೂತಿದ್ದಿರಿ. ನನ್ನ ಮೇಲೆ ಬಂದದ್ದನ್ನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದಿರಿ. ಅದನ್ನು ನನಗೇ ಬರೆದು, ಕೆಳಗಿನ ಸಾಲಿನಲ್ಲಿ ಗುಟ್ಟು ಕಾಪಾಡು ಎಂದು ಕೇಳುತ್ತೀರಿ.

ನಾನು ಬೈದೆ ಎಂದು ಬರೆದಿದ್ದೀರಿ. ಬೈದೆ. ಬೈದರೆ ತಿರುಗಿ ಬೈಯಬೇಕಿತ್ತು. "ನಿನ್ನ ಬಿಲ್ಲೆ ಸರಿಯಿಲ್ಲ, ನಾನು ಸರಿಯಾಗೇ ಮಾಡಿದ್ದೇನೆ" ಎಂದು ಒಂದು ಸಾಲು ಗೀಚಿ ಕಳಿಸಿದ್ದರೆ ಸಾಕಿತ್ತು, ಆ ಸಾಲೇ ಅಕ್ಕನನ್ನು ಉಳಿಸುತ್ತಿತ್ತು. ಅಪ್ಪನ ಎದುರು ನನ್ನ ಪರವಾಗಿ ಮೇಜು ಗುದ್ದಿದವರಿಗೆ ನನ್ನ ಎದುರು ಅಷ್ಟು ಹೇಳಲು ಆಗಲಿಲ್ಲವೇ? ಒಂದೂವರೆ ವರ್ಷ ತಿಂಗಳಿಗೊಮ್ಮೆ ಆ ಮೇಜಿಗೆ ಕೂತು, ನಿಮ್ಮದನ್ನೇ ಎರಡು ಪಾಲು ಮಾಡಿ, ಅಚ್ಚುಕಟ್ಟಾಗಿ "ಅ" ಎಂದು ಬರೆದಿರಿ. ಆ ಅಕ್ಷರವನ್ನು ಎಷ್ಟು ಚೆಂದ ಬರೆದಿದ್ದೀರಿ.

ನಾನು ನನ್ನದೊಂದು ಕಿಡ್ನಿ ಕೊಡುತ್ತೇನೆ. ಇಲ್ಲಿ ವಿಚಾರಿಸಿದ್ದೇನೆ, ನನಗೆ ಕಾಯಿಲೆ ಇಲ್ಲದ್ದರಿಂದ ಆಗಬಹುದು ಎನ್ನುತ್ತಾರೆ. ಅವಳದು ಪೂರ್ತಿ ಕೆಟ್ಟುಹೋಗುವವರೆಗೆ ಕಾಯುವುದು ಬೇಡ. ಅಲ್ಲಿಯ ಡಾಕ್ಟರ ಹತ್ತಿರ ಮಾತಾಡಿ ದಿನ ನೋಡಿ.

ಅಕ್ಕನಿಗೆ ನೀವೇ ಹೇಳಿ. ಇಲ್ಲದಿದ್ದರೆ ನಾನು ಬಂದು ಹೇಳುತ್ತೇನೆ.


8 ಅಕ್ಟೋಬರ್ 2017

ತಂಗೀ,

ಇದು ಅಕ್ಕ. ನನ್ನ ಅಕ್ಷರ ನೋಡಿ ಬಹಳ ವರ್ಷವಾಗಿರಬೇಕು ನಿನಗೆ. ಮನೆಯಲ್ಲಿ ಪತ್ರ ಬರೆಯುವವರು ಅವರು, ಫೋನಿನಲ್ಲಿ ಮಾತಾಡುವವಳು ನಾನು ಎಂದು ಎಂದೋ ಹಂಚಿಕೆಯಾಗಿಹೋಗಿತ್ತು. ಫೋನಿನಲ್ಲಿ ಇದನ್ನು ಹೇಳಲು ಹೋದರೆ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತೇನೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಹೇಳಿದರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಿದ್ದರು. ಎಂದೂ ಬಂದವರಲ್ಲ. ಯಾರಿಗೆ ಏನಾಯಿತೋ ಎಂದುಕೊಂಡೆ. ಮಕ್ಕಳೆಲ್ಲ ಹೋಗುವವರೆಗೆ ಕಾದು, ಖಾಲಿ ತರಗತಿಯಲ್ಲಿ ಮಕ್ಕಳ ಬೆಂಚಿನ ಮೇಲೆ ಮುದುರಿ ಕೂತು ಎಲ್ಲವನ್ನೂ ಹೇಳಿದರು. ನಾನು ಒಂದೇ ಕೇಳಿದೆ: "ನನ್ನದು ಇಳೀತಿಲ್ಲ ಅಂತ ನನಗೆ ಯಾಕೆ ಹೇಳ್ಲಿಲ್ಲ?" "ಅವಳು ಬೈದ್ಲು" ಎಂದರು. ನನಗೆ ನಗು ಬಂತು. ತಡೆಯಲಾಗದ ನಗು. ಐವತ್ತು ದಾಟಿದ ಗಂಡಸು, ಸೈಕಲ್ ಕಲಿಸಿದ ಹುಡುಗಿ ಬೈದಳೆಂದು ಹೆಂಡತಿಯ ಲೋಟವನ್ನು ಬಚ್ಚಲಿಗೆ ಸುರಿದರಂತೆ. ನಕ್ಕು ನಕ್ಕು ಸುಸ್ತಾದ ಮೇಲೆ, ನೀವು ಮನೆಗೆ ನಡೀರಿ ಎಂದು ಕಳಿಸಿದೆ. ಅವರು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ನಾನು ಮನೆ ಬಿಟ್ಟಿಲ್ಲ. ಎಲ್ಲಿಗೆ ಹೋಗಲಿ? ಮುಂದಿನ ಕೋಣೆಯಲ್ಲಿ ಮಲಗುತ್ತೇನೆ. ಅವರು ಅನ್ನ ಮಾಡಿಡುತ್ತಾರೆ, ಉಪ್ಪಿಲ್ಲದೆ. ಊಟ ಮಾಡುತ್ತೇನೆ, ಮಾತಾಡುವುದಿಲ್ಲ. ತಿಂಗಳು ತಿಂಗಳೂ ಆ ಲೋಟವನ್ನು ಮುಚ್ಚಿಕೊಂಡು ಮೆಟ್ಟಿಲಿಳಿಯುವಾಗ ನಾಚಿಕೆಯಾಗುತ್ತಿತ್ತು ನನಗೆ. ತಂಗಿಗಾಗಿ ಎಂದುಕೊಂಡು ಇಳಿಯುತ್ತಿದ್ದೆ. ನಾನು ಮೇಲೆ ಹತ್ತಿ ಬರುವಷ್ಟರಲ್ಲಿ ಕೆಳಗೆ ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು. ಇಷ್ಟು ಬೇಗ ಮುಗಿಯಿತೇ, ಎಂಥ ಚುರುಕಿನ ಕೈ ಎಂದುಕೊಳ್ಳುತ್ತಿದ್ದೆ. ಅವರ ಮೇಲಿನ ಸಿಟ್ಟು ಯಾವಾಗ ಇಳಿಯುತ್ತದೆ ಎಂದು ಗೊತ್ತಿಲ್ಲ. ಇಳಿಯಲಿ ಎಂಬ ಆಸೆಯೂ ಸದ್ಯಕ್ಕಿಲ್ಲ.

ನನ್ನ ಪಾಲಿನದೂ ಇದೆ. ಆಸ್ಪತ್ರೆ ಹತ್ತದವಳು ನಾನೇ. ಮೊನ್ನೆ ಒಬ್ಬಳೇ ಹೋಗಿದ್ದೆ. ನರ್ಸು ಒಂದು ಕಾಗದದ ಪಟ್ಟಿಯನ್ನು ಲೋಟದಲ್ಲಿ ಅದ್ದಿ ತೆಗೆದಳು. ನೋಡನೋಡುತ್ತಿದ್ದಂತೆ ಹಸಿರಾಯಿತು. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಎಂದಳು. ಈ ಇಷ್ಟಕ್ಕೆ ಹೆದರಿ ನಾನು ಇಷ್ಟು ವರ್ಷ ಓಡಿದ್ದು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಈಗ ನಿನ್ನ ವಿಷಯ. ನೀನು ಬರೆದ ಪತ್ರಗಳನ್ನೆಲ್ಲ ತರಿಸಿಕೊಂಡು ಓದಿದೆ. ಅವರು ಬರೆದದ್ದನ್ನು ಅವರ ಬಾಯಿಂದಲೇ ಹೇಳಿಸಿದೆ. ಒಂದರಲ್ಲಿ ನಾನು ಹಟಮಾರಿ, ನೊರೆ, ಇನ್ನೊಂದರಲ್ಲಿ ಅಂಟು, ಆಮೇಲೆ ಹಾಲಿನ ಹಾಗೆ ಬೆಳ್ಳಗೆ. ನನ್ನ ಕಾಲು ಊದುವುದನ್ನು ಅವರು ನಿನಗೆ ಬರೆದರು, ಉಪ್ಪು ಕಡಿಮೆ ಮಾಡಲು ನೀನು ಅವರಿಗೆ ಬರೆದೆ. ಅಕ್ಕನನ್ನೇ ಒಂದು ಮಾತು ಕೇಳೋಣ ಎಂದು ಇಬ್ಬರಲ್ಲಿ ಒಬ್ಬರಿಗೂ ತೋಚಲಿಲ್ಲ. ಹೆಚ್ಚಿಗೆ ಕೇಳಬೇಡ ಎಂದವಳು ನಾನೇ, ಒಪ್ಪಿದೆ. ಆದರೆ ಕಾಯಿಲೆ ಇಲ್ಲ ಎನ್ನುವಾಗ ನನ್ನ ಮಾತು ಮೀರಿ ಫೋನು ಮಾಡಿದೆಯಲ್ಲ, ಇದೆ ಎಂದು ತಿಳಿದಾಗ ಯಾಕೆ ನಿಜ ಹೇಳಲಿಲ್ಲ? ಯಂತ್ರ ತಪ್ಪು ಮಾಡಿತು ಎಂದೆ. ನಿನ್ನ ದನಿ ನಡುಗುತ್ತಿತ್ತು. ಪಾಪ, ಇಷ್ಟು ವರ್ಷದ ಕೆಲಸ ಹಾಳಾಯಿತಲ್ಲ ಇವಳದು ಎಂದು ನನಗೆ ನಿನ್ನ ಚಿಂತೆಯಾಯಿತು. "ಅಳ್ಬೇಡ ಕಣೇ, ಯಂತ್ರ ತಾನೇ, ತಪ್ಪು ಮಾಡುತ್ತೆ" ಎಂದು ಆ ದಿನ ನಿನಗೆ ಸಮಾಧಾನ ಹೇಳಿದವಳು ನಾನು. ಕಾಯಿಲೆ ನನ್ನದು. ನೀನು ಆ ಸಮಾಧಾನವನ್ನು ತೆಗೆದುಕೊಂಡೆ.

ಅವರು ಮುಚ್ಚಿಟ್ಟದ್ದು ಬಹಳ ದಿನ, ನೀನು ಮುಚ್ಚಿಟ್ಟದ್ದು ಕೆಲವೇ ದಿನ. ಆದರೂ ನನಗೆ ಹೆಚ್ಚು ಚುಚ್ಚಿದ್ದು ನಿನ್ನದೇ. ಯಾಕೆಂದು ಇನ್ನೂ ಯೋಚಿಸುತ್ತಿದ್ದೇನೆ.

ಕಿಡ್ನಿ ಕೊಡುತ್ತೇನೆ ಎಂದು ಬರೆದಿದ್ದೀಯ. ಓದಿ ಆ ಪತ್ರವನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡು ಯಾರಿಗೆ ಬರೆದಿದ್ದೀಯ ಎಂದು ನೋಡಿದೆ. ಅದನ್ನೂ ಅವರಿಗೇ ಬರೆದಿದ್ದೀಯ. ಡಾಕ್ಟರ ಹತ್ತಿರ ಮಾತಾಡಿ ದಿನ ನೋಡಿ ಎಂದು ಅವರಿಗೆ ಹೇಳಿದ್ದೀಯ. ಅದು ಬಂದು ಸೇರುವುದು ನನ್ನ ಮೈಗೆ. ಕೊಡುವುದಾದರೆ ನನ್ನನ್ನು ಕೇಳು. ನಾನು ಹೂಂ ಅನ್ನಬಹುದು, ಬೇಡ ಅನ್ನಲೂಬಹುದು. ಕೇಳಿದ ಮೇಲೆ ಹೇಳುತ್ತೇನೆ.

ಶಾಲೆ ಮುಗಿಸಿ ಆರು ಗಂಟೆಗೆಲ್ಲ ಮನೆಯಲ್ಲಿರುತ್ತೇನೆ. ಫೋನು ನಾನೇ ಎತ್ತುತ್ತೇನೆ.

ಅಕ್ಕ